ಮೆಚ್ಚಿದ ಬರಹ ತಾನಾಗಿ ಬಂದು ತಲುಪುವ ದಾರಿ

ಅಂತರ್ಜಾಲದಲ್ಲಿ ಕನ್ನಡ ಬರೆಯುವವರಲ್ಲಿ ಹೆಚ್ಚಿನವರು ದಿನವೂ ಬರೆಯುವವರಲ್ಲ. ನೌಕರಿ, ಸಂಸಾರ, ಲೋಕಲ್ ಟ್ರೈನಿನ ಓಡಾಟ ಎಲ್ಲವೂ ಮುಗಿದ ಮೇಲೆ ಉಳಿಯುವ ಹೊತ್ತಿನಲ್ಲಿ ತಿಂಗಳಿಗೊಂದು, ಕೆಲವೊಮ್ಮೆ ಮೂರು ತಿಂಗಳಿಗೊಂದು ಬರಹವನ್ನು ಬ್ಲಾಗಿಗೆ ಹಾಕುತ್ತಾರೆ. ಅಂಥ ಬ್ಲಾಗನ್ನು ಮೆಚ್ಚಿಕೊಂಡ ಓದುಗರು ಒಂದೆರಡು ಸಲ ಹೋಗಿ, ಹೊಸದೇನೂ ಇಲ್ಲದ್ದನ್ನು ಕಂಡು, ಆಮೇಲೆ ಅದನ್ನು ಮರೆತುಬಿಡುತ್ತಾರೆ. ಬರೆದವರು ಕೊಂಡಿಯನ್ನು ಫೇಸ್‌ಬುಕ್ಕಿನಲ್ಲಿ ಹಾಕಿದರೆ ಅದು ಯಾರಿಗೆ ಕಾಣಬೇಕೆಂಬುದನ್ನು ಫೇಸ್‌ಬುಕ್ಕು ತೀರ್ಮಾನಿಸುತ್ತದೆ. ವಾಟ್ಸಾಪ್ ಗುಂಪಿಗೆ ಹಾಕಿದರೆ ಶುಭೋದಯದ ಹೂವುಗಳ ಅಡಿಯಲ್ಲಿ ಸಂಜೆಯೊಳಗೆ ಹೂತುಹೋಗುತ್ತದೆ. ಮುಂಬಯಿಯಂಥ ಊರಿನಲ್ಲಿ ಈ ತೊಂದರೆ ಇನ್ನಷ್ಟು ಎದ್ದು ಕಾಣುತ್ತದೆ. ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ವಾಸವಾಗಿರುವ ಕನ್ನಡಿಗರಿಗೆ ಮನೆಯ ಹತ್ತಿರ ಕನ್ನಡ ಪುಸ್ತಕದ ಅಂಗಡಿ ಇಲ್ಲ, ಬೀದಿಯ ಬೋರ್ಡುಗಳಲ್ಲಿ ಕನ್ನಡ ಇಲ್ಲ. ಓದುವ ಕನ್ನಡದ ಬಹುಪಾಲು ಫೋನಿನ ಮೂಲಕವೇ ಬರಬೇಕು.

ಇದಕ್ಕೊಂದು ಉಪಾಯ ಕಾಲು ಶತಮಾನದಿಂದ ಇದೆ, ಅದೇ ಫೀಡ್. ಜಾಲತಾಣದ ಇತ್ತೀಚಿನ ಬರಹಗಳ ಶೀರ್ಷಿಕೆ, ದಿನಾಂಕ, ಕೊಂಡಿ, ಹಲವು ಸಲ ಇಡೀ ಬರಹವನ್ನೂ ಒಳಗೊಂಡ ಒಂದು ಕಡತವನ್ನು ಆ ತಾಣವೇ ಸಿದ್ಧವಾಗಿಟ್ಟಿರುತ್ತದೆ. ಫೀಡ್ ರೀಡರ್ ಎಂಬ ತಂತ್ರಾಂಶ ಆಗಾಗ ಹೋಗಿ ಆ ಕಡತವನ್ನು ನೋಡಿ, ಹೊಸದು ಬಂದಿದ್ದರೆ ನಮ್ಮ ಮುಂದೆ ತಂದಿಡುತ್ತದೆ. 1999ರ ಮಾರ್ಚಿನಲ್ಲಿ ನೆಟ್‌ಸ್ಕೇಪ್ ಕಂಪನಿ ತನ್ನ ಮೈ ನೆಟ್‌ಸ್ಕೇಪ್ ಪುಟಕ್ಕಾಗಿ ಆರ್‌ಎಸ್‌ಎಸ್ ಎಂಬ ಫೀಡ್ ಮಾದರಿಯ ಮೊದಲ ರೂಪವನ್ನು ಹೊರತಂದಿತು. ಅದನ್ನು ರೂಪಿಸಿದವರು ಡ್ಯಾನ್ ಲಿಬ್ಬಿ ಮತ್ತು ನಮ್ಮ ದೇಶದಿಂದ ಹೋದ ರಾಮನಾಥನ್ ಗುಹಾ. ಇಂದು ಹೆಚ್ಚು ಬಳಕೆಯಲ್ಲಿರುವ ಆರ್‌ಎಸ್‌ಎಸ್ 2.0 ಬಂದದ್ದು 2002ರಲ್ಲಿ, ಅದರ ಸೋದರನಂಥ ಆಟಮ್ ಅಧಿಕೃತ ಮಾನಕವಾದದ್ದು 2005ರ ಡಿಸೆಂಬರಿನಲ್ಲಿ. ಬ್ಲಾಗು ನಡೆಸಲು ಬಳಸುವ ಬ್ಲಾಗರ್ ಮತ್ತು ವರ್ಡ್‌ಪ್ರೆಸ್ ಎರಡೂ ಫೀಡನ್ನು ತಾವಾಗಿಯೇ ತಯಾರಿಸುವುದರಿಂದ, ಫೀಡ್ ಎಂಬ ಹೆಸರನ್ನೇ ಕೇಳದ ಕನ್ನಡ ಬ್ಲಾಗಿಗರ ಬ್ಲಾಗಿಗೂ ಒಂದು ಫೀಡ್ ಇದ್ದೇ ಇರುತ್ತದೆ. (ಆರ್‌ಎಸ್‌ಎಸ್ ಎಂದು ಬರೆದ ಗುಂಡಿಯನ್ನು ನಮ್ಮ ದೇಶದ ಬ್ಲಾಗಿನಲ್ಲಿಟ್ಟರೆ ಶಾಖೆಯ ವಿಳಾಸವೋ ಎಂದು ಕೇಳುವವರೂ ಇದ್ದಾರೆ, ಆದ್ದರಿಂದ ಆ ಹೆಸರನ್ನು ಗುಂಡಿಯ ಮೇಲೆ ಬರೆಯದಿರುವುದೇ ಲೇಸು.)

ಒಂದು ಕಾಲದಲ್ಲಿ ಇದು ಈಗಿನಷ್ಟು ಅಡಗಿರಲಿಲ್ಲ. 2004ರಲ್ಲಿ ಬಂದ ಫೈರ್‌ಫಾಕ್ಸ್ ಬ್ರೌಸರಿನ ಮೊದಲ ಆವೃತ್ತಿಯಲ್ಲೇ ಫೀಡನ್ನು ಬುಕ್‌ಮಾರ್ಕಿನಂತೆ ಉಳಿಸಿಕೊಳ್ಳುವ ಲೈವ್ ಬುಕ್‌ಮಾರ್ಕ್ ಇತ್ತು. 2005ರಲ್ಲಿ ಆಪಲ್‌ನ ಸಫಾರಿಯೂ, 2006ರಲ್ಲಿ ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ 7 ಕೂಡ ಫೀಡನ್ನು ಗುರುತಿಸಿ ತೋರಿಸತೊಡಗಿದವು. ಫೀಡ್ ಇದೆ ಎಂದು ಸೂಚಿಸುವ ಫೈರ್‌ಫಾಕ್ಸಿನ ಕಿತ್ತಳೆ ಬಣ್ಣದ ಗುರುತನ್ನೇ ಮೈಕ್ರೋಸಾಫ್ಟ್ ಕೂಡ ಬಳಸಿಕೊಂಡಿತೆಂಬುದು ಆ ಎರಡು ಪಾಳಯಗಳ ಅಂದಿನ ಜಿದ್ದನ್ನು ನೆನೆದರೆ ಸಣ್ಣ ಸಂಗತಿಯೇನೂ ಅಲ್ಲ. 2005ರ ಅಕ್ಟೋಬರಿನಲ್ಲಿ ಗೂಗಲ್ ರೀಡರ್ ಎಂಬ ಫೀಡ್ ರೀಡರ್ ಬಂತು. ವಿಂಡೋಸ್ ಎಕ್ಸ್‌ಪಿಯ ತುಂಗಾ ಫಾಂಟಿನ ನೆರವಿನಿಂದ ಎಲ್ಲ ಕಂಪ್ಯೂಟರುಗಳೂ ಒಂದೇ ಬಗೆಯಲ್ಲಿ ಗುರುತಿಸುವ ಯುನಿಕೋಡ್ ಕನ್ನಡ ನೆಲೆಯೂರಿ ಕನ್ನಡ ಬ್ಲಾಗುಗಳು ಹುರುಪಿನಿಂದ ಹುಟ್ಟಿಕೊಳ್ಳುತ್ತಿದ್ದ ವರ್ಷಗಳೂ ಅವೇ. ಆಮೇಲೆ ಒಂದೊಂದಾಗಿ ದೀಪ ಆರಿತು: ಸಫಾರಿ 2012ರಲ್ಲಿ ಫೀಡನ್ನು ಕೈಬಿಟ್ಟಿತು, ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿತು, ಬಳಸುವವರು ತೀರಾ ಕಡಿಮೆ, ನಿರ್ವಹಣೆಯ ಹೊರೆ ಹೆಚ್ಚು ಎಂದು ಫೈರ್‌ಫಾಕ್ಸ್ 2018ರ ಡಿಸೆಂಬರಿನಲ್ಲಿ ತನ್ನ 64ನೆಯ ಆವೃತ್ತಿಯಿಂದ ಲೈವ್ ಬುಕ್‌ಮಾರ್ಕನ್ನು ತೆಗೆದುಹಾಕಿತು. ಕಡತಗಳು ಮಾತ್ರ ಇಂದಿಗೂ ಇವೆ, ಕ್ಷಣಕ್ಷಣಕ್ಕೂ ಹೊಸದಾಗುತ್ತಲೂ ಇವೆ. ಸಾಮಾನ್ಯ ಓದುಗರಿಗೆ ಅವುಗಳತ್ತ ಕೈತೋರಿಸುತ್ತಿದ್ದ ಬ್ರೌಸರು ಆ ಕೆಲಸವನ್ನು ಬಿಟ್ಟುಬಿಟ್ಟಿದೆ.

ಬಿಟ್ಟದ್ದರಿಂದ ಏನಾಗಿದೆ ಎಂಬುದನ್ನು ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿರುವ ಟೀಚರ್ ಅವರ ಮನೆಯಲ್ಲಿ ಹತ್ತಿರದಿಂದ ನೋಡಿದೆ. ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಅವರು ಊರಿನ ಕಡೆಯ ಒಬ್ಬ ಹೆಣ್ಣುಮಗಳ ಬ್ಲಾಗನ್ನು ಬಹಳ ಮೆಚ್ಚಿಕೊಂಡಿದ್ದರು. ಮಳೆಗಾಲದ ಅಡುಗೆ, ಹಳೆಯ ಮನೆಗಳ ಚಾವಡಿ, ಅಜ್ಜಿಯಂದಿರ ಮಾತು ಇಂಥ ವಿಷಯಗಳ ಬರಹಗಳು. "ನೋಡು ಮಾರಾಯ, ಇವಳು ಯಾವಾಗ ಬರೆಯುತ್ತಾಳೆ ಎಂದೇ ಗೊತ್ತಾಗುವುದಿಲ್ಲ. ಯಾರಾದರೂ ಗ್ರೂಪಿನಲ್ಲಿ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ," ಎಂದು ಅವರು ಒಂದು ದಿನ ಹೇಳಿದರು. ಬ್ಲಾಗಿನ ಬಲಬದಿಯಲ್ಲಿ ಆ ಕಿತ್ತಳೆ ಬಣ್ಣದ ಗುರುತು ಇತ್ತು. "ಅದನ್ನು ಒತ್ತಿ ನೋಡಿ ಟೀಚರ್, ಏನು ಬರುತ್ತದೋ ನೋಡುವ," ಎಂದೆ. ಅವರು ಕನ್ನಡಕ ಸರಿಮಾಡಿಕೊಂಡು ಒತ್ತಿದರು.

ಪರದೆಯ ತುಂಬ ಕೋನಾಕಾರದ ಆವರಣಗಳು, ಇಂಗ್ಲಿಷಿನ ತುಂಡು ಪದಗಳು, ನಡುನಡುವೆ ಅದೇ ಬ್ಲಾಗಿನ ಕನ್ನಡ ಶೀರ್ಷಿಕೆಗಳು ಬಂದು ನಿಂತವು. ಟೀಚರ್ ಕೈಯನ್ನು ಹಿಂದಕ್ಕೆಳೆದುಕೊಂಡರು. "ಇದೇನು, ವೈರಸ್ಸಾ? ನೀನು ಹೇಳಿದಲ್ಲಿಯೇ ಒತ್ತಿದ್ದು ನಾನು." ವೈರಸ್ಸಲ್ಲ, ಎಲ್ಲವೂ ನೆಟ್ಟಗಿದೆ ಎಂದು ನಾನು ಹೇಳಿದ್ದನ್ನು ಅವರು ನಂಬಿದಂತೆ ಕಾಣಲಿಲ್ಲ. ನಂಬಬೇಕಾದ ಕಾರಣವೂ ಇರಲಿಲ್ಲ. ಬ್ರೌಸರ್ ಯಾವುದು, ಬ್ಲಾಗನ್ನು ಇಟ್ಟುಕೊಂಡಿರುವ ಸರ್ವರ್ ಆ ಕಡತವನ್ನು ಯಾವ ಹೆಸರಿಟ್ಟು ಕಳಿಸುತ್ತದೆ ಎಂಬುದರ ಮೇಲೆ ಕೆಲವೊಮ್ಮೆ ಹೀಗೆ ಕೋಡ್ ಕಾಣುತ್ತದೆ, ಕೆಲವೊಮ್ಮೆ ಏನೂ ಕಾಣದೆ ಒಂದು ಫೈಲು ಫೋನಿಗೆ ಇಳಿಯುತ್ತದೆ. ಅಪರಿಚಿತ ಕಡತಗಳನ್ನು ಇಳಿಸಿಕೊಳ್ಳಬೇಡಿ ಎಂದು ಬ್ಯಾಂಕಿನವರು ದಿನವೂ ಎಚ್ಚರಿಸುವ ಕಾಲದಲ್ಲಿ ಇದನ್ನು ನೋಡಿ ಹೆದರುವವರು ಸರಿಯಾದದ್ದನ್ನೇ ಮಾಡುತ್ತಿದ್ದಾರೆ.

ಆ ಪುಟ ಹೇಳದೆ ಬಿಟ್ಟದ್ದನ್ನೆಲ್ಲ ಒಟ್ಟುಮಾಡಿದರೆ ಪಟ್ಟಿ ದೊಡ್ಡದಾಗುತ್ತದೆ. ಇದು ಮನುಷ್ಯರು ಓದುವ ಪುಟವಲ್ಲ, ಇದರ ವಿಳಾಸವನ್ನಷ್ಟೇ ನಕಲು ಮಾಡಿಕೊಳ್ಳಬೇಕು ಎಂಬುದು ಮೊದಲು ಗೊತ್ತಿರಬೇಕು. ಆಮೇಲೆ ಫೀಡ್ ರೀಡರ್ ಎಂಬ ವಸ್ತುವೊಂದಿದೆ ಎಂದು ತಿಳಿದಿರಬೇಕು, ಹತ್ತಾರು ಆಪ್‌ಗಳಲ್ಲಿ ಒಂದನ್ನು ಆರಿಸಿ ಹಾಕಿಕೊಳ್ಳಬೇಕು, ಖಾತೆ ತೆರೆದು ಮತ್ತೊಂದು ಪಾಸ್‌ವರ್ಡನ್ನು ನೆನಪಿಟ್ಟುಕೊಳ್ಳಬೇಕು, ಇಂಗ್ಲಿಷ್ ಪರದೆಯ ಮೂಲೆಯಲ್ಲಿರುವ ಕೂಡಿಸುವ ಚಿಹ್ನೆಯನ್ನು ಹುಡುಕಿ ಅಲ್ಲಿ ಆ ವಿಳಾಸವನ್ನು ಅಂಟಿಸಬೇಕು. ಇವುಗಳಲ್ಲಿ ಯಾವುದೂ ಕಠಿಣವಲ್ಲ ಎಂದು ತಂತ್ರಜ್ಞರು ಹೇಳುವುದನ್ನು ಕೇಳಿದ್ದೇನೆ. ಒಂದೊಂದನ್ನೇ ತೆಗೆದುಕೊಂಡರೆ ನಿಜ. ಆದರೆ ಈ ಕೆಲಸಗಳೆಲ್ಲ ಯಂತ್ರಯಂತ್ರಗಳ ನಡುವೆ ಆಗಬೇಕಾದ ಮಾತುಕತೆ. ಇದರಲ್ಲಿ ಟೀಚರ್ ಅವರ ಪಾಲಿನದೆಂದರೆ "ಈ ಬ್ಲಾಗು ನನಗೆ ಬೇಕು" ಎಂಬ ಒಂದೇ ತೀರ್ಮಾನ, ಅದನ್ನು ಅವರು ಎಂದೋ ಮಾಡಿ ಆಗಿದೆ. ಅವರ ಮನೆಗೆ ಬರುವ ಕನ್ನಡ ದಿನಪತ್ರಿಕೆಯನ್ನೇ ನೋಡಿ: ಪೇಪರ್‌ವಾಲಾನಿಗೆ ಕನ್ನಡ ಬಾರದು, ಅಕ್ಷರದ ಆಕಾರ ನೋಡಿ ಗುರುತಿಸುತ್ತಾನೆ, ಹೆಸರು ಹೇಳಿದ ಮರುದಿನದಿಂದ ಬಾಗಿಲಿಗೆ ತಂದು ಸಿಕ್ಕಿಸುತ್ತಾನೆ, ಮುದ್ರಣಾಲಯದ ವಿಳಾಸವನ್ನು ಅವನು ಎಂದೂ ಕೇಳಿಲ್ಲ.

ವಿಳಾಸ ನಕಲು ಮಾಡುವ ಕೆಲಸ ಕನ್ನಡಿಗರಿಗೆ ಮತ್ತೊಂದು ಬಗೆಯಲ್ಲಿ ದುಬಾರಿ. ವರ್ಡ್‌ಪ್ರೆಸ್ಸಿನಲ್ಲಿ ಕನ್ನಡದಲ್ಲೇ ಶೀರ್ಷಿಕೆ ಕೊಟ್ಟರೆ ಬರಹದ ವಿಳಾಸವೂ ಕನ್ನಡದಲ್ಲೇ ತಯಾರಾಗುತ್ತದೆ. ಬ್ರೌಸರಿನ ಪಟ್ಟಿಯಲ್ಲಿ ನೋಡಲು ಚೆನ್ನಾಗಿಯೇ ಇರುತ್ತದೆ. ನಕಲು ಮಾಡಿ ಬೇರೆಡೆ ಅಂಟಿಸಿದಾಗ ಮಾತ್ರ, ಯುನಿಕೋಡಿನಲ್ಲಿ ಮೂರು ಬೈಟು ಹಿಡಿಯುವ ಒಂದು ಕನ್ನಡ ಚಿಹ್ನೆ ಶೇಕಡಾ ಗುರುತುಗಳ ಸಮೇತ ಒಂಬತ್ತು ಅಕ್ಷರವಾಗಿ ಹಿಗ್ಗುತ್ತದೆ. ಕಾಗುಣಿತದ ಗುರುತುಗಳಿಗೂ ಒತ್ತಕ್ಷರಕ್ಕೂ ಬೇರೆಬೇರೆ ಲೆಕ್ಕವಿರುವುದರಿಂದ ನಾಲ್ಕು ಪದಗಳ ಶೀರ್ಷಿಕೆ ಅರ್ಧ ಪರದೆಯನ್ನು ತುಂಬುವ ಗೋಜಲಾಗುತ್ತದೆ. ಅದನ್ನು ಕಂಡವರು ಕೊಂಡಿಯೇ ಕೆಟ್ಟಿದೆ ಎಂದು ಅಳಿಸಿಬಿಡುತ್ತಾರೆ.

ಹಾಗಾದರೆ ಫೀಡ್ ಎಂಬುದೇ ಸಾಮಾನ್ಯರಿಗೆ ಒಗ್ಗದ ವಸ್ತುವೇ? ಹಾಗೆನ್ನಲು ಬಾರದು. ಏಕೆಂದರೆ ಅದೇ ಟೀಚರ್ ಅವರ ಮಗಳು ಠಾಣೆಯಿಂದ ದಾದರಿನವರೆಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪಾಡ್‌ಕಾಸ್ಟ್ ಕೇಳುತ್ತ ಹೋಗುತ್ತಾಳೆ, ಮತ್ತು ಪಾಡ್‌ಕಾಸ್ಟ್ ಎಂದರೆ ಆರ್‌ಎಸ್‌ಎಸ್ ಫೀಡೇ. ಧ್ವನಿಯ ಕಡತವನ್ನು ಫೀಡಿಗೆ ಲಗತ್ತಿಸುವ ವ್ಯವಸ್ಥೆ 2000ದಲ್ಲಿಯೇ ಬಂದಿತ್ತು. 2005ರ ಜೂನಿನಲ್ಲಿ ಆಪಲ್ ತನ್ನ ಐಟ್ಯೂನ್ಸಿನ 4.9ನೆಯ ಆವೃತ್ತಿಯಲ್ಲಿ ಪಾಡ್‌ಕಾಸ್ಟುಗಳ ಪಟ್ಟಿಯನ್ನು ಸೇರಿಸಿದ ಮೇಲೆ ಅದು ಜನರ ಕೈಗೆ ಬಂತು. ಹೆಸರು ಟೈಪು ಮಾಡಿದರೆ ಚಿತ್ರ ಬರುತ್ತದೆ, ಚಿತ್ರದ ಪಕ್ಕದಲ್ಲಿ ಒಂದು ಗುಂಡಿ ಇರುತ್ತದೆ, ಒತ್ತಿದರೆ ಮುಗಿಯಿತು. ಫೀಡಿನ ವಿಳಾಸ ಎಲ್ಲಿದೆ ಎಂದು ಕೇಳುಗರು ಎಂದೂ ನೋಡುವುದಿಲ್ಲ. ಹೀಗೆ ಪಟ್ಟಿ ಮಾಡುವವರ ಕೈಗೆ ಅಧಿಕಾರ ಹೋಗುತ್ತದೆ ಎಂಬ ಆತಂಕ ಇದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಪಾಡ್‌ಕಾಸ್ಟಿನ ಫೀಡು ಬಹಿರಂಗವಾಗಿಯೇ ಉಳಿದಿರುವುದರಿಂದ ಒಂದು ಆಪು ಬೇಡವಾದರೆ ಅದೇ ಕಾರ್ಯಕ್ರಮವನ್ನು ಇನ್ನೊಂದರಲ್ಲಿ ಕೇಳಬಹುದು. ಬರಹದ ಫೀಡುಗಳಿಗೆ, ಅದರಲ್ಲೂ ಕನ್ನಡದವುಗಳಿಗೆ, ಇಂಥ ಹುಡುಕಬಲ್ಲ ಪಟ್ಟಿ ಇರಬೇಕಾದಲ್ಲಿ ಇಲ್ಲ. ರೀಡರ್ ಆಪುಗಳಲ್ಲಿ ಹುಡುಕುವ ಜಾಗವೇನೋ ಇದೆ. ಕನ್ನಡದಲ್ಲಿ ಬ್ಲಾಗಿನ ಹೆಸರು ಹಾಕಿದರೆ ಬಹಳ ಸಲ ಖಾಲಿ ಪರದೆ ಬರುತ್ತದೆ.

ಟೀಚರ್ ಅವರ ಮಟ್ಟಿಗೆ ಕೊನೆಗೆ ನಡೆದದ್ದು ಇಷ್ಟು. ಕಿತ್ತಳೆ ಗುರುತನ್ನು ಸಂಪೂರ್ಣ ಮರೆತುಬಿಡಿ ಎಂದೆ. ಫೀಡರ್ ಎಂಬ, ಖಾತೆ ಕೇಳದ, ಮುಕ್ತ ತಂತ್ರಾಂಶದ ಆಂಡ್ರಾಯ್ಡ್ ಆಪನ್ನು ಅವರ ಫೋನಿಗೆ ಹಾಕಿದೆ. ಪಾಸ್‌ವರ್ಡ್ ಇಲ್ಲದಿರುವುದೇ ಅದನ್ನು ಆರಿಸಿದ್ದಕ್ಕೆ ಮುಖ್ಯ ಕಾರಣ. ಬ್ಲಾಗಿನ ಮುಖಪುಟದ ವಿಳಾಸವನ್ನಷ್ಟೇ ಕೊಟ್ಟೆ. ಹೆಚ್ಚಿನ ಬ್ಲಾಗುಗಳ ಪುಟದ ತಲೆಭಾಗದಲ್ಲಿ, ಓದುಗರ ಕಣ್ಣಿಗೆ ಬೀಳದಂತೆ, "ನನ್ನ ಫೀಡ್ ಇಲ್ಲಿದೆ" ಎಂದು ಯಂತ್ರಕ್ಕೆ ಹೇಳುವ ಒಂದು ಸಾಲು ಇರುತ್ತದೆ. ರೀಡರು ಅದನ್ನು ಓದಿ ಉಳಿದದ್ದನ್ನು ತಾನೇ ಹುಡುಕಿಕೊಳ್ಳುತ್ತದೆ. ಯೂಟ್ಯೂಬ್ ಚಾನೆಲ್ಲುಗಳಿಗೂ ಫೀಡ್ ಇದೆ ಎಂಬುದು ಗೊತ್ತಾದಾಗ ಅವರೇ ಒಂದು ಯಕ್ಷಗಾನದ ಚಾನೆಲ್ಲನ್ನು ಸೇರಿಸಲು ಹೇಳಿದರು.

ಆಮೇಲೆ ಹೊಸ ಬ್ಲಾಗು ಸೇರಿಸುವುದನ್ನು ಅವರಿಗೆ ಕಲಿಸಬೇಕಿತ್ತು. ಇಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದದ್ದು ವಾಟ್ಸಾಪ್ ಕಲಿಸಿದ ವಿದ್ಯೆ. ಫೋನಿನಲ್ಲಿ ಬೇರೇನೂ ಬಾರದವರಿಗೂ ಶೇರ್ ಮಾಡಲು ಬರುತ್ತದೆ. ಪುಟ ತೆರೆದು ಶೇರ್ ಒತ್ತಿ ಯಾರ ಹೆಸರು ಆರಿಸಬೇಕೆಂಬುದು ಬೆರಳಿಗೇ ಗೊತ್ತಿರುತ್ತದೆ. ಆಪನ್ನು ಸರಿಯಾಗಿ ರೂಪಿಸಿದ್ದರೆ ಆ ಶೇರ್ ಪಟ್ಟಿಯಲ್ಲಿ ರೀಡರಿನ ಹೆಸರೂ ಕಾಣಿಸಿಕೊಳ್ಳುತ್ತದೆ. "ತಂಗಿಗೆ ಕಳಿಸಿದ ಹಾಗೆ ಇದಕ್ಕೆ ಕಳಿಸಿ," ಎಂದಾಗ ಟೀಚರ್ ಒಂದೇ ಸಲಕ್ಕೆ ಹಿಡಿದುಕೊಂಡರು. ಫೀಡ್ ರೀಡರ್ ತಯಾರಿಸುವವರು ಹೊಸಬರಿಗೆ ತೋರಿಸುವ ಮೊದಲ ಪರದೆಯಲ್ಲಿ ಫೀಡ್ ಎಂದರೇನೆಂದು ವಿವರಿಸುವುದನ್ನು ಬಿಟ್ಟು ಈ ಶೇರ್ ಮಾಡುವ ಕ್ರಮವೊಂದನ್ನೇ ತೋರಿಸಿದರೆ ಸಾಕು ಎಂದು ನನ್ನ ಅಭಿಪ್ರಾಯ.

ಕೆಲವು ದಿನಗಳ ಮೇಲೆ ಮತ್ತೆ ಕರೆದರು. ಈ ನಡುವೆ ಅವರ ಅಳಿಯ ಉತ್ಸಾಹದಿಂದ ಎರಡು ಸುದ್ದಿತಾಣಗಳನ್ನೂ ಅದರಲ್ಲಿ ಸೇರಿಸಿದ್ದರು. ಓದದೆ ಉಳಿದವುಗಳ ಸಂಖ್ಯೆ ನೂರುಗಳಲ್ಲಿ ಏರಿ, ಅವರ ಮೆಚ್ಚಿನ ಬ್ಲಾಗು ಅದರಡಿ ಎಲ್ಲೋ ಮುಚ್ಚಿಹೋಗಿತ್ತು. "ಇಷ್ಟೆಲ್ಲ ಯಾವಾಗ ಓದಿ ಮುಗಿಸುವುದು?" ಎಂಬುದು ಅವರ ಪ್ರಶ್ನೆ. ಗೂಗಲ್ ರೀಡರಿನ ಕಾಲದಲ್ಲಿ ಸಾವಿರ ದಾಟಿದರೆ "1000+" ಎಂದು ದಪ್ಪಕ್ಷರದಲ್ಲಿ ಬರೆದು ನಮ್ಮನ್ನು ಬೆನ್ನಟ್ಟುತ್ತಿದ್ದ ಪದ್ಧತಿ ಅಂಚೆಪೆಟ್ಟಿಗೆಯಿಂದ ಎರವಲು ತಂದದ್ದು. ಇಮೇಲಿಗೆ ಉತ್ತರ ಕೊಡುವ ಬಾಧ್ಯತೆ ಇದೆ, ಬ್ಲಾಗಿಗೆ ಏನು ಬಾಧ್ಯತೆ? ಆ ಲೆಕ್ಕವನ್ನು ಮುಚ್ಚಿಟ್ಟು, ವರ್ಷಕ್ಕೆ ನಾಲ್ಕು ಸಲ ಬರೆಯುವವರನ್ನು ದಿನಕ್ಕೆ ನಲವತ್ತು ಸಲ ಬರೆಯುವವರ ಅಡಿಯಲ್ಲಿ ಹೂಳದ ರೀಡರು ಬೇಕು. ಸುದ್ದಿತಾಣಗಳನ್ನು ತೆಗೆದುಹಾಕಿದೆವು. ದಿನದ ಸುದ್ದಿಗೆ ಅವರಿಗೆ ಪತ್ರಿಕೆ ಇದೆ, ಟಿವಿ ಇದೆ.

ಇನ್ನು ಬರೆಯುವವರ ಕಡೆಯ ಮಾತು. ಇಮೇಲಿನಲ್ಲಿ ಬರಹ ತಲುಪಿಸುವ ಸೌಲಭ್ಯ ಇದ್ದಾಗ ಫೀಡಿನ ಗೊಡವೆಯೇ ಓದುಗರಿಗೆ ಇರಲಿಲ್ಲ. ಬ್ಲಾಗರಿನಲ್ಲಿ ಇಮೇಲ್ ಮೂಲಕ ಅನುಸರಿಸುವ ಒಂದು ಪೆಟ್ಟಿಗೆ ಇತ್ತು, ಅದರ ಹಿಂದೆ ಕೆಲಸ ಮಾಡುತ್ತಿದ್ದದ್ದು ಗೂಗಲ್ 2007ರಲ್ಲಿ ಕೊಂಡ ಫೀಡ್‌ಬರ್ನರ್ ಎಂಬ ಸೇವೆ. 2021ರ ಜುಲೈಯಲ್ಲಿ ಆ ಇಮೇಲ್ ಸೇವೆ ನಿಂತಿತು. ಚಂದಾದಾರರ ಪಟ್ಟಿಯನ್ನು ಇಳಿಸಿಕೊಳ್ಳಲು ಅವಕಾಶವಿತ್ತು. ಹಾಗೆ ಇಳಿಸಿಕೊಳ್ಳದ ಬ್ಲಾಗುಗಳಿಗೂ ಅವುಗಳ ಓದುಗರಿಗೂ ಇದ್ದ ಕೊಂಡಿ ಯಾರಿಗೂ ತಿಳಿಯದಂತೆ ಕಳಚಿಕೊಂಡಿತು. ಇಂದು ಬೇರೆ ಸೇವೆಗಳು ಫೀಡನ್ನು ಇಮೇಲಾಗಿ ಕಳಿಸುತ್ತವೆ. ವಯಸ್ಸಾದ ಓದುಗರಿಗೆ ಅದು ರೀಡರ್ ಆಪಿಗಿಂತ ಒಗ್ಗೀತು ಎಂದು ಕೂಡ ನನಗೆ ಅನ್ನಿಸುತ್ತದೆ, ಆದರೆ ಆ ಪಟ್ಟಿಯನ್ನು ಆಗಾಗ ತಮ್ಮಲ್ಲಿ ಉಳಿಸಿಕೊಳ್ಳುವ ಶಿಸ್ತು ಬರೆಯುವವರಿಗೆ ಇರಬೇಕು.

ಉಳಿದಂತೆ, ಕಿತ್ತಳೆ ಗುರುತಿನಿಂದ ಕಡತಕ್ಕೆ ನೇರವಾಗಿ ಕೊಂಡಿ ಹಾಕುವುದನ್ನು ನಿಲ್ಲಿಸಬೇಕು. ಅದರ ಬದಲು ಬರಹದ ಕೊನೆಯಲ್ಲಿ, ಓದಿ ಮೆಚ್ಚಿದ ಕ್ಷಣದಲ್ಲೇ ಕಾಣುವಂತೆ, "ಹೊಸ ಬರಹ ಬಂದಾಗ ತಿಳಿಯಲು" ಎಂದು ಕನ್ನಡದಲ್ಲಿ ಬರೆದ ಕೊಂಡಿಯಿದ್ದು, ಅದು ಆಪಿನ ಹೆಸರು, ಚಿತ್ರ, ಎರಡು ಮೂರು ಹೆಜ್ಜೆಗಳ ಸರಳ ಪುಟಕ್ಕೆ ಹೋಗಬೇಕು. ಕಡತವನ್ನೇ ಓದಬಲ್ಲ ಪುಟದಂತೆ ತೋರಿಸಲು ಎಕ್ಸ್‌ಎಸ್‌ಎಲ್‌ಟಿ ಎಂಬ ಹಳೆಯ ವಿಧಾನವನ್ನು ಬಳಸುವವರಿದ್ದಾರೆ. ಕ್ರೋಮ್ ತಂಡ ಅದನ್ನು ಬ್ರೌಸರಿನಿಂದ ತೆಗೆಯುವುದಾಗಿ 2025ರಲ್ಲಿ ಪ್ರಕಟಿಸಿರುವುದರಿಂದ ಹೊಸದಾಗಿ ಅದನ್ನು ನೆಚ್ಚಿಕೊಳ್ಳುವುದು ಜಾಣತನವಲ್ಲ. ಪುಟದ ಬಣ್ಣ, ವಿನ್ಯಾಸಗಳನ್ನು ಹೇಳುವ ಸಿಎಸ್‌ಎಸ್‌ನಿಂದಲೂ ಸ್ವಲ್ಪ ಅಲಂಕಾರ ಸಾಧ್ಯ. ಮತ್ತೆ, ವರ್ಡ್‌ಪ್ರೆಸ್ಸಿನ ಓದುವಿಕೆಯ ಸೆಟ್ಟಿಂಗಿನಲ್ಲಿ ಫೀಡಿಗೆ ಪೂರ್ಣ ಬರಹವೋ ಸಾರಾಂಶವೋ ಎಂಬ ಆಯ್ಕೆ ಇದೆ, ಬ್ಲಾಗರಿನಲ್ಲೂ ಇಂಥದೇ ಒಂದಿದೆ. ಸಾರಾಂಶವನ್ನು ಆರಿಸಿದರೆ ಓದುಗರು ಎರಡು ಸಾಲು ಓದಿ, ಕೊಂಡಿ ಒತ್ತಿ, ಬ್ಲಾಗು ತೆರೆಯುವವರೆಗೆ ಕಾಯಬೇಕು. ಲೋಕಲಿನಲ್ಲಿ ನಿಂತು ಓದುವವರಿಗೆ ದಾರಿಯಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಆ ಎರಡು ಸಾಲೇ ಗತಿ. ಪೂರ್ಣ ಬರಹವಿದ್ದರೆ ಮೊದಲೇ ಬಂದು ಕುಳಿತಿರುತ್ತದೆ.

ಮಾಟುಂಗದ ಮೈಸೂರು ಅಸೋಸಿಯೇಶನ್ನಿನಲ್ಲಿ ಒಂದು ಕಾರ್ಯಕ್ರಮ ಮುಗಿದ ಮೇಲೆ ಕಾಫಿ ಕುಡಿಯುತ್ತ ಇದೇ ಮಾತನ್ನು ಎತ್ತಿದಾಗ, ಬಹುಕಾಲದಿಂದ ಬ್ಲಾಗು ಬರೆಯುವ ಹಿರಿಯರೊಬ್ಬರು ಒಪ್ಪಲಿಲ್ಲ. "ಎಲ್ಲ ಅಲ್ಲಿಯೇ ಓದಿ ಮುಗಿಸಿದರೆ ನಮ್ಮ ಬ್ಲಾಗಿಗೆ ಬಂದವರ ಲೆಕ್ಕ ಹೇಗೆ ಸಿಗುತ್ತದೆ ಮಾರಾಯ್ರೆ? ಯಾರೂ ಓದುವುದಿಲ್ಲ ಎಂದು ತಿಳಿದು ನಾನು ಬರೆಯುವುದನ್ನೇ ಬಿಟ್ಟೇನು." ಅವರ ಮಾತಿನಲ್ಲಿ ಹುರುಳಿದೆ. ಫೀಡಿನಲ್ಲಿ ಓದುವವರು ತಮ್ಮ ಹೆಸರನ್ನಾಗಲಿ ಇಮೇಲನ್ನಾಗಲಿ ಕೊಡಬೇಕಾಗಿಲ್ಲ; ಓದುಗರಿಗೆ ಅದು ಅನುಕೂಲ, ಬರೆಯುವವರಿಗೆ ಅದೇ ಕತ್ತಲೆ. ಫೀಡ್ಲಿ, ಇನೋರೀಡರ್‌ನಂಥ ಫೀಡ್ ರೀಡರ್ ಸೇವೆಗಳು ಫೀಡನ್ನು ತರಲು ಬಂದಾಗ ತಮ್ಮಲ್ಲಿ ಅದಕ್ಕೆ ಎಷ್ಟು ಚಂದಾದಾರರಿದ್ದಾರೆಂದು ಸರ್ವರಿಗೆ ಹೇಳಿ ಹೋಗುತ್ತವೆ, ಸ್ವಂತ ಸರ್ವರ್ ಇದ್ದವರು ಅದನ್ನು ನೋಡಬಹುದು. ಬ್ಲಾಗರಿನ ಬ್ಲಾಗ್‌ಸ್ಪಾಟಿನಲ್ಲಿ ಬರೆಯುವ ಅವರಿಗೆ ಆ ಅನುಕೂಲವೂ ಇಲ್ಲ ಎಂದು ವಿವರಿಸಿದೆ. ಅವರು ಕಾಫಿ ಮುಗಿಸಿ, ಬರಹದ ಕೊನೆಯಲ್ಲಿ ಕೊಂಡಿಯನ್ನೇನೋ ಹಾಕುತ್ತೇನೆ, ಪೂರ್ಣ ಬರಹದ ವಿಷಯ ಆಮೇಲೆ ನೋಡೋಣ ಎಂದರು. ಸದ್ಯಕ್ಕೆ ಅವರ ಫೀಡಿನಲ್ಲಿ ಬರಹದ ಮೊದಲ ಪ್ಯಾರಾ ಮಾತ್ರ ಬರುತ್ತಿದೆ, ಅಡಿಯಲ್ಲಿ ಅವರ ಇಮೇಲ್ ವಿಳಾಸವನ್ನೂ "ಓದಿದವರು ಒಂದು ಸಾಲು ಬರೆಯಿರಿ" ಎಂಬ ಕೋರಿಕೆಯನ್ನೂ ಸೇರಿಸಿದ್ದಾರೆ.